ನೆರಳಿಗೆ ಕತ್ತಿ ಎತ್ತಬಾರದು: ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟಕ್ಕೆ ಮಿರಜದಿಂದ ಒಂದು ಮರುಭೇಟಿ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹ ರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಂಡಿದ್ದೇನೆ. ಪರದೆಯೂ ಕಾಣ್ತಿರಬೇಕು: ಕಲ್ಲಿನ ಗೋಡೆ, ಎರಡು ಪಂಜು, ಬಿಳಿ ಬಟ್ಟೆ ತೊಟ್ಟ ಒಬ್ಬ ಹುಡುಗ. 90ರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಈ ಚಿತ್ರದ ಪರಿಚಯ ಬೇಕಾಗಿಲ್ಲ.

ಇವತ್ತಿನ ಗೋಷ್ಠಿಯ ವಿಷಯ ‘ಮರುಭೇಟಿ’. ನನಗಿಂತ ಮುಂಚೆ ಮಾತಾಡಿದ ಇಬ್ಬರು ಕಾದಂಬರಿ, ನಾಟಕ ತಗೊಂಡ್ರು. ನಾನು ಒಂದು ವಿಡಿಯೊ ಗೇಮ್ ತಗೊಂಡಿದ್ದೇನೆ. ಇದೂ ಒಂದು ಪಠ್ಯವೇನು ಅಂತ ಕೆಲವರಿಗೆ ಅನ್ನಿಸಬಹುದು. ಆ ಚರ್ಚೆಗೆ ನಾನು ಹೋಗೋದಿಲ್ಲ. ನನ್ನ ವಾದ ಇಷ್ಟೇ: ಹಳೆಯ ಆಟವನ್ನು ಮತ್ತೆ ಆಡುವಾಗ ಆಟವನ್ನಷ್ಟೇ ಅಲ್ಲ, ಅದರ ಬಗ್ಗೆ ನಾವು ಇಷ್ಟು ವರ್ಷ ಹೇಳಿಕೊಂಡು ಬಂದ ಮಾತನ್ನೂ ಪರೀಕ್ಷೆಗೆ ಒಡ್ಡುತ್ತೇವೆ. ನನ್ನ ವಿಷಯದಲ್ಲಿ ಆಟ ಪಾಸಾಯಿತು, ನಾನು ಫೇಲಾದೆ. ಹೇಗೆ ಅಂತ ಹೇಳ್ತೇನೆ.

1. ಆಟ, ಆಡದವರಿಗಾಗಿ

‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ಮಾಡಿದವರು ಜೋರ್ಡನ್ ಮೆಕ್ನರ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ‘ಕರಾಟೆಕಾ’ (1984) ಎಂಬ ಆಟ ಮಾಡಿ ಹೆಸರು ಗಳಿಸಿದ್ದರು. ಓದು ಮುಗಿದ ಮೇಲೆ, 1985ರಲ್ಲಿ, ಈ ಎರಡನೇ ಆಟಕ್ಕೆ ಕೈಹಾಕಿದರು. ಬ್ರಾಡರ್‌ಬಂಡ್ ಕಂಪನಿ 1989ರಲ್ಲಿ ಅದನ್ನು ಆಪಲ್ 2 ಕಂಪ್ಯೂಟರಿಗೆ ಬಿಡುಗಡೆ ಮಾಡಿತು. ಆ ಹೊತ್ತಿಗೆ ಆಪಲ್ 2ರ ಕಾಲ ಮುಗೀತಾ ಬಂದಿತ್ತು, ಮಾರಾಟ ಮೊದಲು ಅಷ್ಟಕ್ಕಷ್ಟೇ. ಮುಂದೆ ಡಾಸ್ ಮತ್ತಿತರ ಯಂತ್ರಗಳಿಗೆ ಬಂದ ಮೇಲೆ ಅದು ಲೋಕವೆಲ್ಲ ಹಬ್ಬಿತು. ನಮ್ಮ ಕಡೆ ಬಂದದ್ದು 1990ರ ಆ ಡಾಸ್ ಆವೃತ್ತಿ.

ಕಥೆ ಎರಡು ಸಾಲಿನದು. ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ. ವಜೀರ ಜಾಫರ್ ರಾಜಕುಮಾರಿಯನ್ನು ಕೂಡಿಹಾಕಿ, ನನ್ನನ್ನು ಮದುವೆಯಾಗು, ಇಲ್ಲವಾದರೆ ಸಾಯಿ, ನಿನಗೆ ಒಂದು ಗಂಟೆ ಟೈಮು ಅನ್ನುತ್ತಾನೆ. ಅವಳು ಮೆಚ್ಚಿದ ಹುಡುಗ ನೆಲಮಾಳಿಗೆಯ ಸೆರೆಯಲ್ಲಿದ್ದಾನೆ. ಅಲ್ಲಿಂದ ಹನ್ನೆರಡು ಹಂತ ದಾಟಿ, 60 ನಿಮಿಷದೊಳಗೆ ಮೇಲೆ ಬರಬೇಕು. ಸತ್ತರೆ ಆ ಹಂತವನ್ನು ಮೊದಲಿಂದ ಆಡಬಹುದು, ಆದರೆ ಗಡಿಯಾರ ಹಿಂದಕ್ಕೆ ಹೋಗೋದಿಲ್ಲ. ನೀವು ಸತ್ತದ್ದೂ ಆ ಒಂದು ಗಂಟೆಯ ಲೆಕ್ಕದಲ್ಲೇ ಬರ್ತದೆ.

2. ಮಿರಜದ ಕ್ಲಾಸು

1997ರಲ್ಲಿ ನಾನು ಆರನೇ ಇಯತ್ತೆ. ಆಗಿನ್ನೂ ಸಾಂಗ್ಲಿ, ಮಿರಜ, ಕುಪವಾಡ ಮೂರೂ ಸೇರಿ ಒಂದೇ ಮಹಾನಗರಪಾಲಿಕೆ ಆಗಿರಲಿಲ್ಲ, ಅದಾದದ್ದು 1998ರಲ್ಲಿ. ನಮ್ಮ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲೂ ಮರಾಠಿ. ಬೆಳಗಾವಿ ಕಡೆಯ ರೈಲು ಹಿಡಿದರೆ ಸ್ವಲ್ಪ ಹೊತ್ತಿಗೆ ಸ್ಟೇಷನ್ನಿನ ಬೋರ್ಡು ಕನ್ನಡಕ್ಕೆ ತಿರುಗುವ ಊರು ನಮ್ಮದು. ಹಾಗಾಗಿ ಯಾವ ಮಾತು ಯಾವ ಭಾಷೆಯದು ಅಂತ ನಾವು ಯೋಚನೆ ಮಾಡಿದವರಲ್ಲ.

ಕಾಕಾನ ಮಗ ಒಬ್ಬ ಅಣ್ಣ ಇದ್ದ, ನನಗಿಂತ ಮೂರು ವರ್ಷ ದೊಡ್ಡವ. ಇಬ್ಬರನ್ನೂ ಒಂದೇ ಕಂಪ್ಯೂಟರ್ ಕ್ಲಾಸಿಗೆ ಹಾಕಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಐದು ಕಂಪ್ಯೂಟರು, ಒಂದೊಂದರ ಮುಂದೆ ಮೂರು ಮೂರು ಮಂದಿ. ಡಾಸ್ ಕಮಾಂಡು, ವರ್ಡ್‌ಸ್ಟಾರು, ಲೋಟಸ್ಸು. ಶನಿವಾರ ಕೊನೆಯ ಅರ್ಧ ಗಂಟೆ ಆಟಕ್ಕೆ ಬಿಡ್ತಿದ್ದರು. ಅದು ‘ಪ್ರಿನ್ಸ್’ನ ಅರ್ಧ ಗಂಟೆ.

ಆಟ ಒಂದೇ ಫ್ಲಾಪಿಯಲ್ಲಿ ಹಿಡಿಸ್ತಿತ್ತು. ಎಲ್ಲಿಂದ ಬಂತು ಗೊತ್ತಿಲ್ಲ. ಯಾರೋ ಯಾರಿಂದಲೋ ಕಾಪಿ ಮಾಡಿಕೊಂಡದ್ದು. ಮೊದಲನೇ ಹಂತ ಆದಮೇಲೆ ಒಂದು ಕೋಣೆ ಬರ್ತಿತ್ತು, ನೆಲದ ತುಂಬ ಔಷಧದ ಬಾಟಲಿ, ಒಂದೊಂದರ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ. ಇಂಥ ಪುಟದ, ಇಂಥ ಸಾಲಿನ, ಇಂಥ ಶಬ್ದದ ಮೊದಲ ಅಕ್ಷರದ ಬಾಟಲಿ ಕುಡಿ ಅಂತ ಕೇಳುತ್ತಿತ್ತು. ನಮ್ಮ ಕಾಪಿಯಲ್ಲಿ ಯಾವುದನ್ನು ಕುಡಿದರೂ ಬಾಗಿಲು ತೆರೀತಿತ್ತು. ಅದು ಜಾಫರನ ಒಂದು ಒಗಟು, ನಾವು ಅದೃಷ್ಟದ ಮೇಲೆ ಪಾರಾಗ್ತಿದ್ದೇವೆ ಅಂತ ತಿಳ್ಕೊಂಡಿದ್ವಿ. ಅದು ಕಳ್ಳಪ್ರತಿ ಹಿಡಿಯುವ ಪರೀಕ್ಷೆ, ದುಡ್ಡು ಕೊಟ್ಟು ಆಟ ತಗೊಂಡವರ ಪುಸ್ತಿಕೆ ನೋಡಿ ಉತ್ತರ ಹೇಳಬೇಕಾದದ್ದು, ಅಂತ ಗೊತ್ತಾಗಿದ್ದು ಇಪ್ಪತ್ತು ವರ್ಷ ಆದಮೇಲೆ.

ಹೆಸರುಗಳನ್ನು ನಾವೇ ಇಟ್ಟುಕೊಂಡಿದ್ವಿ. ಆರನೇ ಹಂತದ ದಪ್ಪ ಕಾವಲುಗಾರ ‘ಢೇರಪೋಟ್ಯಾ’, ಮರಾಠಿಯಲ್ಲಿ ಡೊಳ್ಳುಹೊಟ್ಟೆಯವ. ಮೂರನೇ ಹಂತದ ಅಸ್ಥಿಪಂಜರ ‘ಸಾಂಗಾಡಾ’. ಮೇಲಿಂದ ಕೆಳಗಿಂದ ಕೂಡಿ ಕತ್ತರಿಸುವ ಬ್ಲೇಡು ‘ಕತ್ರಿ’. ಕೈಯಲ್ಲಿ ಜೋತುಬೀಳೋದು ‘ಜೋತ್ಬೀಳು’. ನಾಲ್ಕನೇ ಹಂತದ ಕನ್ನಡಿಯಿಂದ ಹೊರಬರುವ ಮತ್ತೊಬ್ಬ ಹುಡುಗ ಮಾತ್ರ ‘ನೆಳ್ಳು’. ಈಗ ನೋಡಿದರೆ ಇದರಲ್ಲಿ ಒಂದು ಕ್ರಮ ಕಾಣ್ತದೆ. ವೈರಿಗಳಿಗೆ ಓಣಿಯ ಭಾಷೆ. ಮೈಯ ಚಲನೆಗೂ ನೆರಳಿಗೂ ಮನೆಯ ಭಾಷೆ.

3. ಮರಳಿ ಆಡಿದಾಗ: ದೇಹದ ತೂಕ

2023ರಲ್ಲಿ ಈ ಪ್ರಬಂಧಕ್ಕಾಗಿ ಮತ್ತೆ ಆಡಲಿಕ್ಕೆ ಕೂತೆ. ಈಗ ಫ್ಲಾಪಿ ಬೇಡ. ಇಂಟರ್ನೆಟ್ ಆರ್ಕೈವ್ 2015ರಿಂದಲೇ ಹಳೆಯ ಡಾಸ್ ಆಟಗಳನ್ನು ಬ್ರೌಸರಿನಲ್ಲಿ ಆಡಲಿಕ್ಕೆ ಬಿಟ್ಟಿದೆ. ಡಾಸ್ ಆವೃತ್ತಿಯನ್ನು ಬಿಡಿಸಿ ನೋಡಿ, ಈಗಿನ ಯಂತ್ರಗಳಿಗಾಗಿ ಆಸಕ್ತರು ಹೊಸದಾಗಿ ಬರೆದ ‘ಎಸ್‌ಡಿಎಲ್‌ಪಾಪ್’ ಕೂಡ ಉಚಿತವಾಗಿ ಸಿಗ್ತದೆ. ನಾನು ಎರಡನೆಯದನ್ನು ಬಳಸಿದೆ. ಕಳ್ಳದಾರಿ ಬೇಡ, ಎಲ್ಲವನ್ನೂ ನೆಟ್ಟಗೆ ಆಡಬೇಕು ಅಂತ ನಿಯಮ ಹಾಕಿಕೊಂಡೆ.

ಮೊದಲ ಸಂಜೆ ಎರಡನೇ ಹಂತ ದಾಟಲಿಲ್ಲ. ಕೀ ಒತ್ತಿದರೆ ಹುಡುಗ ತಡವಾಗಿ ಜಿಗೀತಾನೆ, ತಿರುಗು ಅಂದರೆ ಜಾರಿಕೊಂಡು ಹೋಗಿ ತಿರುಗ್ತಾನೆ, ನಿಲ್ಲು ಅಂದರೆ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ತಾನೆ, ಅಲ್ಲಿ ಗುಂಡಿ. ಆಟ ಹಳತಾಯ್ತು, ಕೆಟ್ಟುಹೋಗಿದೆ ಅಂತ ಅನ್ನಿಸ್ತು. ಹಳೆಯ ಆಟಕ್ಕೆ ಮರಳಿದವರು ಸಾಮಾನ್ಯವಾಗಿ ಬರೆಯುವುದೂ ಇದನ್ನೇ: ನೆನಪಿನಲ್ಲಿ ಚಂದ, ಕೈಯಲ್ಲಿ ಒರಟು. ಆದರೆ ಅಲ್ಲಿಗೇ ನಿಲ್ಲಿಸಿದರೆ ತಪ್ಪಾಗ್ತದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ.

‘ಸೂಪರ್ ಮಾರಿಯೊ ಬ್ರದರ್ಸ್’ (1985) ಆಡಿದವರು ನೆನಪು ಮಾಡ್ಕೊಳ್ಳಿ. ಮಾರಿಯೊ ಗಾಳಿಯಲ್ಲಿದ್ದಾಗಲೂ ನೀವು ಅವನನ್ನು ಎಡಕ್ಕೆ ಬಲಕ್ಕೆ ಸರಿಸಬಹುದು. ಗುಂಡಿ ಹೆಚ್ಚು ಹೊತ್ತು ಒತ್ತಿದರೆ ಎತ್ತರ ಹಾರ್ತಾನೆ, ಬೇಗ ಬಿಟ್ಟರೆ ಕಡಿಮೆ. ಅಂದರೆ ಜಿಗಿತ ಶುರುವಾದ ಮೇಲೂ ನಿಮ್ಮ ಬೆರಳು ಅದನ್ನು ತಿದ್ತಾ ಇರ್ತದೆ. ‘ಪ್ರಿನ್ಸ್’ನಲ್ಲಿ ಹಾಗಿಲ್ಲ. ಇಲ್ಲಿ ಜಿಗಿತ ಅಂದರೆ ಮೊದಲೇ ಬರೆದಿಟ್ಟ ಚಿತ್ರಗಳ ಒಂದು ಸಾಲು: ಮೊಣಕಾಲು ಬಾಗೋದು, ಕೈ ಹಿಂದಕ್ಕೆ ಹೋಗೋದು, ನೆಲ ಬಿಡೋದು, ಇಳಿಯೋದು, ಮೈ ಸಾವರಿಸೋದು. ಸಾಲು ಶುರುವಾದರೆ ಮುಗಿಯುವ ತನಕ ನಿಮ್ಮ ಮಾತು ನಡೆಯೋದಿಲ್ಲ. ನಿರ್ಧಾರವನ್ನು ನೆಲದ ಮೇಲಿದ್ದಾಗಲೇ ಮಾಡಿರಬೇಕು.

ಇದಕ್ಕೆ ತಕ್ಕಂತೆ ಅರಮನೆಯನ್ನೂ ಕಟ್ಟಿದ್ದಾರೆ. ಪ್ರತಿ ಪರದೆ ಅಡ್ಡಕ್ಕೆ ಹತ್ತು ಚೌಕ, ಎತ್ತರಕ್ಕೆ ಮೂರು ಅಂತಸ್ತು. ಒಂದು ಅಂತಸ್ತಿನಿಂದ ಬಿದ್ದರೆ ಏನೂ ಆಗೋದಿಲ್ಲ, ಎರಡರಿಂದ ಬಿದ್ದರೆ ಒಂದು ಜೀವ ಹೋಗ್ತದೆ, ಮೂರರಿಂದ ಬಿದ್ದರೆ ಸಾವು. ನಿಂತು ಜಿಗಿದರೆ ಇಷ್ಟು, ಓಡಿ ಜಿಗಿದರೆ ಅದಕ್ಕಿಂತ ಹೆಚ್ಚು, ತುದಿಗೆ ಕೈ ಹಾಕಿ ಜೋತುಬಿದ್ದರೆ ಇನ್ನೂ ಸ್ವಲ್ಪ. ಈ ಅಳತೆ ಆಟದ ಉದ್ದಕ್ಕೂ ಬದಲಾಗೋದಿಲ್ಲ. ಶಿಫ್ಟ್ ಒತ್ತಿ ಬಾಣದ ಕೀ ಒತ್ತಿದರೆ ಹುಡುಗ ಹುಷಾರಾಗಿ ಒಂದೊಂದೇ ಹೆಜ್ಜೆ ಇಡ್ತಾನೆ, ತುದಿ ಬಂದರೆ ತಡೆದು ನಿಲ್ತಾನೆ. ಓಡ್ತಾ ಹೋದರೆ ಕೊಲ್ಲುವ ನೆಲದ ಮುಳ್ಳುಗಳ ನಡುವೆಯೂ ಹೀಗೆ ಮೆಲ್ಲಗೆ ನಡೆದುಕೊಂಡು ಹೋದರೆ ಏನೂ ಆಗೋದಿಲ್ಲ.

ಇದು ಹೊಳೆದ ಮೇಲೆ ನನ್ನ ಆಟ ಬದಲಾಯ್ತು. ಎರಡನೇ ವಾರದ ಹೊತ್ತಿಗೆ ಪ್ರತಿ ಪರದೆಗೂ ಬಂದ ಕೂಡಲೇ ನಿಂತು ಚೌಕ ಎಣಿಸ್ತಿದ್ದೆ. ಆದರೆ ಮೇಲೆ ಆ ಗಂಟೆಯ ಗಡಿಯಾರ. ಹುಷಾರಾಗಿ ಹೋದರೆ ಸಮಯ ಹೋಗ್ತದೆ, ಓಡಿದರೆ ಜೀವ ಹೋಗ್ತದೆ. ಆಟದ ನಿಜವಾದ ಜಗಳ ಈ ಎರಡರ ನಡುವೆ ಇದೆ, ಜಾಫರ್ ನೆಪ. ಒರಟು ಅಂತ ನನಗೆ ಅನ್ನಿಸಿದ್ದು ತೂಕ ಆಗಿತ್ತು. ಪರದೆಯ ಮೇಲಿನ ಹುಡುಗನಿಗೆ ಒಂದು ಮೈ ಇದೆ, ಆ ಮೈಗೆ ತನ್ನದೇ ಹೊತ್ತು ಬೇಕು. ಹನ್ನೊಂದು ವರ್ಷದ ನನಗೆ ಇದು ಯಾಕೆ ಕಾಣಲಿಲ್ಲ ಅನ್ನೋದಕ್ಕೆ ಕಾರಣ ಇದೆ, ಅದಕ್ಕೆ ಆಮೇಲೆ ಬರ್ತೇನೆ.

4. ನಕಲಿನಿಂದ ಕಟ್ಟಿದ ಅರಮನೆ

ಆ ಮೈ ಎಲ್ಲಿಂದ ಬಂತು? ಮೆಕ್ನರ್ 1985ರಲ್ಲಿ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಒಂದು ಪಾರ್ಕಿಂಗ್ ಜಾಗದಲ್ಲಿ ಓಡಿಸಿ, ಜಿಗಿಸಿ ವಿಡಿಯೊ ಮಾಡಿಕೊಂಡರು. ಆಮೇಲೆ ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ, ಮೈಯ ಅಂಚನ್ನು ಗುರುತಿಸಿ, ಕಂಪ್ಯೂಟರಿಗೆ ಇಳಿಸಿದರು. ಇದಕ್ಕೆ ರೋಟೊಸ್ಕೋಪಿಂಗ್ ಅಂತಾರೆ. ಚಲನಚಿತ್ರದವರಿಗೆ ಹಳೆಯ ವಿದ್ಯೆ. ಕತ್ತಿವರಸೆಗೆ 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದಲ್ಲಿ ಎರಾಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಎದುರುಬದುರು ನಿಲ್ಲುವ ಕೆಲವೇ ಸೆಕೆಂಡುಗಳನ್ನು ಆಧಾರ ಮಾಡಿಕೊಂಡರು. ಸಂಗೀತ ಅವರ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ಒಂದು ಮನೆಯೊಳಗೇ ಹುಟ್ಟಿದ ಆಟ ಅನ್ನಬಹುದು.

ಸಾಂಗ್ಲಿಯವರಿಗೆ ಇಂಥ ಕೆಲಸ ಹೊಸದಲ್ಲ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯಿಂದ ಒಂದು ಭಾಗವತ ಮೇಳ ಸಾಂಗ್ಲಿಗೆ ಬಂದು ಆಟ ಆಡಿತು. ಅದನ್ನು ನೋಡಿದ ಸಂಸ್ಥಾನದ ಚಿಂತಾಮಣರಾವ್ ಪಟವರ್ಧನರು, ಇಂಥದ್ದನ್ನು ಮರಾಠಿಯಲ್ಲಿ ಮಾಡು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ಬಂತು. ಮರಾಠಿ ರಂಗಭೂಮಿಯ ಇತಿಹಾಸವನ್ನು ಅಲ್ಲಿಂದಲೇ ಎಣಿಸ್ತಾರೆ. ಭಾಗವತರ ಹಾಡು, ವೇಷ, ಕುಣಿತ ಇವನ್ನೆಲ್ಲ ನೋಡಿದವರು ನೋಡಿ ಹಿಡಿದುಕೊಂಡರು, ತಮ್ಮ ಭಾಷೆಗೆ ಇಳಿಸಿಕೊಂಡರು. ಅದಕ್ಕೆ ನಕಲು ಅಂತ ಯಾರೂ ಮುಖ ಸಿಂಡರಿಸಲಿಲ್ಲ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಒಂದರಲ್ಲಿ ಅಂಚು ಹಿಡಿದು ಗೆರೆ ಎಳೆದದ್ದು, ಇನ್ನೊಂದರಲ್ಲಿ ಬೇರೆ ಮೈಗಳು ಅದನ್ನು ಕಲಿತದ್ದು. ಆದರೆ ಎರಡರಲ್ಲೂ ಹೊಸದು ಹುಟ್ಟಿದ್ದು ಒಬ್ಬರ ಮೈಯನ್ನು ಇನ್ನೊಬ್ಬರು ಗಮನ ಕೊಟ್ಟು ನೋಡಿದ್ದರಿಂದ.

ಈಗ ನೆರಳಿಗೆ ಬರೋಣ. ಮೊದಲಿನ ಯೋಜನೆಯಲ್ಲಿ ಹುಡುಗನಿಗೆ ಕಾದಾಟವೇ ಇರಲಿಲ್ಲ. ಓಡು, ಜಿಗಿ, ತಪ್ಪಿಸ್ಕೋ, ಅಷ್ಟೇ. ಆಟಕ್ಕೆ ಒಬ್ಬ ಎದುರಾಳಿ ಬೇಕು ಅಂತ ಸಹೋದ್ಯೋಗಿ ಟೋಮಿ ಪಿಯರ್ಸ್ ಹೇಳ್ತಲೇ ಇದ್ದರು. ಮೆಕ್ನರ್ ಅವರ ಕಷ್ಟ ಏನಂದರೆ, ತಮ್ಮನ ಚಿತ್ರಗಳಿಂದಲೇ ಮೆಮರಿ ತುಂಬಿಹೋಗಿತ್ತು. ಇನ್ನೊಬ್ಬನ ಚಿತ್ರಕ್ಕೆ ಜಾಗ ಇಲ್ಲ. ಆಗ ಹೊಳೆದ ಉಪಾಯ: ಅದೇ ಹುಡುಗನ ಚಿತ್ರವನ್ನು ಒಂದು ಬಿಂದು ಪಕ್ಕಕ್ಕೆ ಸರಿಸಿ, ಅದರ ಮೇಲೆ ಅದನ್ನೇ ಕೂಡಿಸೋದು. ಎರಡೂ ಚಿತ್ರ ಒಂದೇ ಆದ ಕಡೆ ಅಳಿಸಿಹೋಗ್ತದೆ, ಬೇರೆಯಾದ ಕಡೆ ಅಂಚು ಉಳೀತದೆ. ಹೀಗೆ ಮಿನುಗುವ, ಒಳಗೆ ಏನೂ ಇಲ್ಲದ ಒಬ್ಬ ಮನುಷ್ಯ ಸಿಕ್ಕ. ಹೊಸ ಚಿತ್ರ ಒಂದೂ ಬರೆಯಬೇಕಾಗಲಿಲ್ಲ. ಜಾಗ ಸಾಲದ್ದರಿಂದ ಹುಟ್ಟಿದ ನಕಲು ಅದು, ಆಟದ ಅತಿ ಒಳ್ಳೆಯ ಪಾತ್ರವೂ ಅದೇ.

ಅವನ ನಡೆ ನೋಡಿ. ನಾಲ್ಕನೇ ಹಂತದ ಕೊನೆಗೆ ದಾರಿಗೆ ಅಡ್ಡ ಒಂದು ಕನ್ನಡಿ ಬರ್ತದೆ. ಓಡಿ ಬಂದು ಅದರೊಳಗೇ ಜಿಗೀಬೇಕು. ನೀವು ಈ ಕಡೆ ಬಂದಾಗ ಅವನು ಆ ಕಡೆ ಓಡಿಹೋಗ್ತಾನೆ. ನಿಮ್ಮಲ್ಲಿ ಒಂದೇ ಒಂದು ಜೀವ ಉಳಿದಿರ್ತದೆ. ಐದರಲ್ಲಿ ನಿಮಗೆ ಬೇಕಾದ ಔಷಧವನ್ನು ನಿಮಗಿಂತ ಮುಂಚೆ ಕುಡಿದುಬಿಡ್ತಾನೆ. ಆರರಲ್ಲಿ ನಿಮ್ಮ ಮುಖದ ಮೇಲೆ ಬಾಗಿಲು ಹಾಕಿ ನಿಮ್ಮನ್ನು ಕೆಳಕ್ಕೆ ಬೀಳಿಸ್ತಾನೆ. ಹನ್ನೆರಡರಲ್ಲಿ ಕತ್ತಿ ಹಿಡಿದು ಎದುರಿಗೆ ನಿಲ್ತಾನೆ.

5. ಹನ್ನೆರಡನೇ ಹಂತ

ಇಲ್ಲಿ ನನ್ನ ಕಥೆ ಹೇಳಲೇಬೇಕು. 1997ರಲ್ಲಿ ಕ್ಲಾಸಿನ ಒಬ್ಬ ದೊಡ್ಡ ಹುಡುಗ ನನಗೊಂದು ಗುಟ್ಟು ಹೇಳಿಕೊಟ್ಟ. ಆಟ ಶುರು ಮಾಡುವಾಗ ‘ಪ್ರಿನ್ಸ್’ ಜೊತೆಗೆ ‘ಮೆಗಾಹಿಟ್’ ಅಂತ ಟೈಪ್ ಮಾಡಿದರೆ, ಶಿಫ್ಟ್ ಹಿಡಿದು ಎಲ್ ಒತ್ತಿದಾಗೆಲ್ಲ ಮುಂದಿನ ಹಂತಕ್ಕೆ ಹೋಗಬಹುದು. ಜೀವ ಹೆಚ್ಚಿಸ್ಕೋಬಹುದು, ಎದುರಿಗಿದ್ದವನನ್ನು ಒಂದು ಕೀ ಒತ್ತಿ ಕೊಲ್ಲಬಹುದು. ಒಂದು ಶನಿವಾರ ನಾನು ಹಾಗೆ ಹಾರಿಸಿ ಹಾರಿಸಿ ಕೊನೆಗೆ ರಾಜಕುಮಾರಿಯ ಹತ್ತಿರ ಹೋಗಿ ನಿಂತೆ. ಹೊರಗೆ ಬಂದು ‘ನಾ ಮುಗಿಸಿದ್ನಿ’ ಅಂದೆ. ಮಾರ್ಗದಲ್ಲಿ ಏನಿತ್ತು ಅಂತ ನನಗೆ ಗೊತ್ತಿರಲಿಲ್ಲ. ಆಟದ ತೂಕ ನನಗೆ ಕಾಣದೆ ಇದ್ದದ್ದೂ ಇದಕ್ಕೇ.

ಅಣ್ಣ ಗುಟ್ಟು ಗಿಟ್ಟು ಬಳಸಿದವನಲ್ಲ. ಮೂರನೇ ಹಂತದಿಂದ ಆಚೆ ಆಟವನ್ನು ಸೇವ್ ಮಾಡಬಹುದು. ಅವನು ವಾರಕ್ಕೆ ಅರ್ಧ ಗಂಟೆಯಂತೆ ಆಡಿ, ತನ್ನದೊಂದು ಫ್ಲಾಪಿಯಲ್ಲಿ ಅದನ್ನು ಉಳಿಸಿಕೊಂಡು, ಐದಾರು ತಿಂಗಳಿಗೆ ಹನ್ನೆರಡನೇ ಹಂತಕ್ಕೆ ಬಂದಿದ್ದ. ಹನ್ನೊಂದು ನಿಮಿಷ ಉಳಿದಿತ್ತು. ಆಗ ನನ್ನ ಕೇಳಿದ: ‘ತಮ್ಮಾ, ಆ ನೆಳ್ಳನ್ನ ಹೆಂಗ ಕೊಂದಿ?’ ನಾನು ಆ ಹಂತವನ್ನೇ ನೋಡಿರಲಿಲ್ಲ. ‘ಹೊಡಕೋತ ಹೋಗು, ಬೀಳ್ತಾನ’ ಅಂದೆ.

ಎಷ್ಟೋ ಶನಿವಾರ ಅವನು ಹೊಡೆದ. ಪ್ರತಿ ಸಲ ತಾನೇ ಸತ್ತ. ಆಮೇಲೆ ಬಿಟ್ಟ. ‘ನನ್ನ ಕೈ ಚುರುಕಿಲ್ಲ’ ಅಂದ. ಮುಂದೆ ಆಟಕ್ಕೆ ಕೂತದ್ದು ನಾನು ನೋಡಲಿಲ್ಲ.

2023ರಲ್ಲಿ ನಾನು ನೆಟ್ಟಗೆ ಆಡಿ ಅಲ್ಲಿಗೆ ಮುಟ್ಟಿದೆ. ನೆರಳು ಎದುರಿಗೆ ಬಂತು, ನಾನು ಹೊಡೆದೆ. ಅವನ ಒಂದು ಜೀವ ಹೋಯ್ತು, ನನ್ನದೂ ಒಂದು ಹೋಯ್ತು. ಮತ್ತೆ ಹೊಡೆದೆ, ಮತ್ತೆ ಹಾಗೇ. ಅವನು ಬಿದ್ದ ಕ್ಷಣವೇ ನಾನೂ ಬಿದ್ದೆ. ಅವನನ್ನು ಎಷ್ಟು ಚುರುಕಾಗಿ ಹೊಡೀತೀರೋ ಅಷ್ಟು ಬೇಗ ನೀವು ಸಾಯ್ತೀರಿ. ಇಲ್ಲಿ ಮಾಡಬೇಕಾದದ್ದು ಒಂದೇ: ಕೆಳಗಿನ ಬಾಣ ಒತ್ತಿ ಕತ್ತಿಯನ್ನು ಒರೆಗೆ ಹಾಕೋದು. ನೀವು ಹಾಕಿದರೆ ಅವನೂ ಹಾಕ್ತಾನೆ. ಆಮೇಲೆ ಅವನ ಕಡೆಗೆ ನಡೆದುಹೋಗಬೇಕು. ಇಬ್ಬರೂ ಒಂದಾಗ್ತಾರೆ. ಅದಾದ ಮೇಲೆ ಮುಂದೆ ನೆಲವೇ ಇಲ್ಲದ ಒಂದು ಕಡೆ ಬರ್ತದೆ. ಅಲ್ಲಿ ಓಡಬೇಕು, ಕಾಲಿಟ್ಟಲ್ಲಿ ನೆಲ ಮೂಡ್ತಾ ಹೋಗ್ತದೆ.

ಹನ್ನೊಂದು ಹಂತ ಕತ್ತಿ ಹಿಡಿಯಲಿಕ್ಕೆ ಕಲಿಸಿದ ಆಟ ಇಲ್ಲಿ ಕತ್ತಿ ಕೆಳಗಿಡು ಅನ್ನುತ್ತದೆ, ಅದನ್ನೂ ಬಾಯಿಬಿಟ್ಟು ಹೇಳೋದಿಲ್ಲ. ನಿಮ್ಮ ಏಟು ನಿಮಗೇ ತಗಲೋದನ್ನು ನೋಡಿ ನೀವೇ ತಿಳ್ಕೋಬೇಕು. ನಾನು ಮಾಡಿದ್ದು ಏನಂದರೆ, ತಿಳ್ಕೊಳ್ಳಲಿಕ್ಕೆ ಅಣ್ಣನಿಗೆ ಇದ್ದ ಒಂದೇ ಅವಕಾಶದ ಮೇಲೆ ಒಂದು ಸುಳ್ಳು ಹಾಕಿ ಮುಚ್ಚಿದ್ದು. ಅವನು ಆಟವನ್ನು ನಂಬದೆ ನನ್ನನ್ನು ನಂಬಿದ.

ಅವತ್ತು ರಾತ್ರಿನೇ ಫೋನ್ ಮಾಡಿ ಹೇಳಿದೆ. ಅವನೀಗ ಸಾಂಗ್ಲಿಯಲ್ಲಿದ್ದಾನೆ, ಮಕ್ಕಳು ಕಾಲೇಜಿಗೆ ಹೋಗ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: ‘ನೀ ಮುಗಿಸಿಲ್ಲಂತ ನನಗ ಅವತ್ತೇ ಗೊತ್ತಿತ್ತು ತಮ್ಮಾ. ಆದ್ರ ನೆಳ್ಳಿನ ಮಾತು ಖರೆ ಅಂತ ತಿಳ್ಕೊಂಡಿದ್ದೆ.’

6. ಉಳಿದದ್ದು, ಹೋದದ್ದು

ಈ ಭಾಗ ಚಿಕ್ಕದು, ಆದರೆ ಸಂಶೋಧನೆಯ ದೃಷ್ಟಿಯಿಂದ ಮುಖ್ಯ. ಮೆಕ್ನರ್ ಆಪಲ್ 2ರಲ್ಲಿ ಬರೆದ ಮೂಲ ಪ್ರೋಗ್ರಾಂ ಬಹಳ ವರ್ಷ ಕಳೆದುಹೋಗಿತ್ತು. 2012ರಲ್ಲಿ ಅವರ ತಂದೆಗೆ ಮನೆಯ ಕಪಾಟಿನಲ್ಲಿ ಫ್ಲಾಪಿ ತುಂಬಿದ ಒಂದು ಡಬ್ಬ ಸಿಕ್ಕಿತು. ಹಳೆಯ ಡಿಸ್ಕು ಓದಿಸಬಲ್ಲವರು ಕೂಡಿ ಅದನ್ನು ಓದಿಸಿದರು, ಮೆಕ್ನರ್ ಅದನ್ನು ಎಲ್ಲರಿಗೂ ಸಿಗುವಂತೆ ಗಿಟ್‌ಹಬ್‌ನಲ್ಲಿ ಇಟ್ಟರು. ಆಟ ಮಾಡುವಾಗ ಬರೆದ ದಿನಚರಿಯೂ ಪುಸ್ತಕವಾಗಿ ಬಂದಿದೆ. ಹೀಗಾಗಿ ಆಟ ಹುಟ್ಟಿದ ಕಥೆ ದಿನ ದಿನದ ಲೆಕ್ಕದಲ್ಲಿ ನಮಗೆ ಗೊತ್ತು.

ಅಣ್ಣನ ಫ್ಲಾಪಿಯೂ ಒಂದು ಡಬ್ಬದಲ್ಲಿತ್ತು, ಮಂಚದ ಕೆಳಗಿನ ಟ್ರಂಕಿನಲ್ಲಿ. ಓದಿಸಲಿಕ್ಕೆ ಡ್ರೈವ್ ಇಲ್ಲದಿದ್ದರೂ ಇಟ್ಟುಕೊಂಡಿದ್ದ. 2019ರ ಆಗಸ್ಟಿನಲ್ಲಿ ಕೃಷ್ಣೆ ಸಾಂಗ್ಲಿಯೊಳಗೆ ಬಂದಾಗ ಅವನ ಮನೆಗೂ ನೀರು ನುಗ್ಗಿತು. ಟ್ರಂಕು ಮುಳುಗಿತು. ಹನ್ನೊಂದು ನಿಮಿಷ ಉಳಿದಿದ್ದ ಆ ಸೇವ್ ಅದರ ಜೊತೆ ಹೋಯ್ತು.

ಎರಡು ಡಬ್ಬಗಳನ್ನು ನಾನು ಪಕ್ಕಪಕ್ಕ ಇಟ್ಟು ಯೋಚಿಸ್ತೇನೆ. ಆಟ ಮಾಡಿದವರ ಪ್ರತಿ ಉಳಿಯಿತು. ಆಟ ಆಡಿದವರ ಪ್ರತಿ ಹೋಯ್ತು. ‘ಪ್ರಿನ್ಸ್’ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಬರಹ ಇದೆ. ಮಿರಜದಲ್ಲಿ, ಗದಗಿನಲ್ಲಿ, ಕಾಸರಗೋಡಿನಲ್ಲಿ ಮೂರು ಮೂರು ಮಂದಿ ಒಂದು ಕೀಬೋರ್ಡಿಗೆ ಜೋತುಬಿದ್ದು ಆಡಿದ್ದರ ಬಗ್ಗೆ ನಾವೇ ಬರೀಬೇಕು, ಬೇರೆ ಯಾರೂ ಬರೆಯೋದಿಲ್ಲ.

ಇನ್ನೊಂದು ಮಾತು. 2003ರಲ್ಲಿ ಬಂದ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಈ ಸರಣಿಗೆ ಮರುಜೀವ ಕೊಟ್ಟಿತು. ಅದರಲ್ಲಿ ತಪ್ಪಿದರೆ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು. 1989ರ ಗಡಿಯಾರಕ್ಕೆ ಅದೊಂದು ಉತ್ತರ. ಅದನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಯೂಬಿಸಾಫ್ಟ್ ತನ್ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳಿಗೆ ವಹಿಸಿದೆ ಅಂತ 2020ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದಾಗ ನಮ್ಮ ಕಡೆಯವರಿಗೆ ಖುಷಿಯಾಗಿತ್ತು. 2022ರಲ್ಲಿ ಅದು ಮಾಂಟ್ರಿಯಲ್‌ಗೆ ಹೋಯ್ತು. ಮರುಭೇಟಿ ಅನ್ನೋದು ಕಂಪನಿಗಳಿಗೂ ಸುಲಭವಲ್ಲ.

7. ಮುಗಿಸುವ ಮುನ್ನ

ಆ ಫೋನಿನ ನಂತರದ ಭಾನುವಾರ ಅಣ್ಣ ಮಿರಜಕ್ಕೆ ಬಂದ. ನನ್ನ ಲ್ಯಾಪ್‌ಟಾಪಿನಲ್ಲಿ ಹನ್ನೆರಡನೇ ಹಂತದ ಸೇವ್ ತೆರೆದು ಅವನ ಮುಂದಿಟ್ಟೆ. ಕತ್ತಿ ಒರೆಗೆ ಹಾಕಿದ, ನಡೆದ, ಇಬ್ಬರೂ ಒಂದಾದರು. ನೆಲ ಇಲ್ಲದಲ್ಲಿ ಬಂದು ನಿಂತು, ‘ಇಲ್ಲಿ ಏನೂ ಇಲ್ಲಲ್ಲೋ’ ಅಂದ. ‘ಓಡಣ್ಣಾ’ ಅಂದೆ. ನನ್ನ ಮುಖ ನೋಡಿದ. ಮತ್ತೊಮ್ಮೆ ನನ್ನ ಮಾತು ನಂಬಿ ಓಡಿದ. ಜಾಫರನ ಹತ್ತಿರ ಎರಡು ಸಲ ಸತ್ತ, ಮೂರನೇ ಸಲಕ್ಕೆ ಮುಗಿಸಿದ.

ವಿದ್ಯಾರ್ಥಿ ಮಿತ್ರರಿಗೆ ನನ್ನ ಸಲಹೆ ಇದು. ಹಳೆಯ ಆಟದ ಬಗ್ಗೆ ಬರೆಯುವಾಗ ಯಾವ ಆವೃತ್ತಿ, ಯಾವ ಯಂತ್ರ, ಪಕ್ಕದಲ್ಲಿ ಯಾರು ಕೂತಿದ್ದರು, ಯಾವ ಗುಟ್ಟು ಬಳಸಿದಿರಿ ಎಲ್ಲವನ್ನೂ ಮೊದಲು ಬರೆದಿಡಿ. ಆಮೇಲೆ ಆಡಿ, ಕೊನೆಯ ತನಕ ಆಡಿ. ಎರಡರ ನಡುವೆ ಅಂತರ ಎಲ್ಲಿ ಕಾಣ್ತದೋ ಅಲ್ಲಿ ನಿಮ್ಮ ಪ್ರಬಂಧ ಇದೆ.

ಸಂವಾದ

ಪ್ರಶ್ನೆ: ಸರ್, ಈ ‘ಪರ್ಷಿಯಾ’ ಪಶ್ಚಿಮದವರ ಕಲ್ಪನೆಯ ಪೂರ್ವ ಅಲ್ಲವೇ? ಕೆಟ್ಟ ವಜೀರ, ಸೆರೆಯಲ್ಲಿರುವ ರಾಜಕುಮಾರಿ. ಆ ಬಗ್ಗೆ ನೀವು ಏನೂ ಹೇಳಲಿಲ್ಲ.

ಉತ್ತರ: ಹೌದು, ಒಪ್ತೇನೆ. ಅದು ಅರೇಬಿಯನ್ ನೈಟ್ಸ್ ಮತ್ತು ಸಿನಿಮಾದಿಂದ ಬಂದ ಪರ್ಷಿಯಾ. ಕೆಟ್ಟ ವಜೀರ ಜಾಫರ್ 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲೇ ಇದ್ದಾನೆ. ಆದರೆ ಒಂದು ಸಂಗತಿ ನೋಡಿ. ಆ ಚಿತ್ರದ ಕಳ್ಳನ ಪಾತ್ರ ಮಾಡಿದವರು ಸಾಬು, ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಹುಡುಗ. ಅಂದರೆ ಸಿನಿಮಾದ ಬಾಗ್ದಾದಿನಲ್ಲಿ ಓಡಾಡಿದ್ದೂ ನಮ್ಮ ಕಡೆಯ ಒಂದು ಮೈ. ಇನ್ನು ನಮ್ಮ ಅನುಭವ ಹೇಳೋದಾದರೆ, ಆ ಕಮಾನುಗಳು ನಮಗೆ ಪರದೇಶದ್ದು ಅನ್ನಿಸಿರಲಿಲ್ಲ. ಮಿರಜದ ಮೀರಾಸಾಹೇಬ ದರ್ಗಾ, ಸಹಲಿಗೆ ಹೋದರೆ ವಿಜಯಪುರದ ಗೋಳಗುಮ್ಮಟ. ಅದು ಎಲ್ಲೋ ಇಲ್ಲೇ ಹತ್ತಿರದ ಕೋಟೆ ಅಂತ ತಿಳ್ಕೊಂಡಿದ್ವಿ. ಕಲ್ಪನೆ ಅವರದು, ಓದು ನಮ್ಮದು. ಎರಡನ್ನೂ ಬರೀಬೇಕು.

ಪ್ರಶ್ನೆ: ಮೆಗಾಹಿಟ್ ಬಳಸಿ ಆಡಿದ್ದನ್ನು ನೀವು ಕಡಿಮೆ ಮಾಡಿ ಹೇಳ್ತಿದ್ದೀರಿ ಅನ್ನಿಸ್ತು. ನಮ್ಮಲ್ಲಿ ಬಹಳ ಮಂದಿ ಆಡಿದ್ದೇ ಹಾಗೆ.

ಉತ್ತರ: ಒಳ್ಳೆಯ ಪ್ರಶ್ನೆ. ವಾರಕ್ಕೆ ಅರ್ಧ ಗಂಟೆ ಸಿಕ್ಕಾಗ ಪೂರ್ತಿ ಅರಮನೆ ನೋಡಬೇಕು ಅನ್ನೋ ಆಸೆ ಸಹಜ. ನಮ್ಮ ಕಾಪಿಯೂ ಕಳ್ಳಪ್ರತಿಯೇ ಆಗಿತ್ತು, ಅದಿಲ್ಲದಿದ್ದರೆ ನಾವು ಈ ಆಟವನ್ನು ನೋಡ್ತಲೇ ಇರಲಿಲ್ಲ. ಗುಟ್ಟು ಬಳಸಿದ್ದಕ್ಕೆ ನನಗೆ ನಾಚಿಕೆ ಇಲ್ಲ. ನಾನು ಆಡಿದ್ದು ಮೆಗಾಹಿಟ್ ಆಟ ಅಂತ ಹೇಳಬಹುದಿತ್ತು. ಹೇಳಲಿಲ್ಲ, ಅದಕ್ಕೆ ನಾಚಿಕೆ ಇದೆ.

ಪ್ರಶ್ನೆ: ನಿಮ್ಮ ಅಣ್ಣ ಮುಗಿಸಿದ ಮೇಲೆ ಏನು ಹೇಳಿದರು?

ಉತ್ತರ: ಎಷ್ಟು ನಿಮಿಷ ಉಳಿದಿದೆ ಅಂತ ಕೇಳಿದ. ನಾಲ್ಕು ಅಂದೆ. ‘ನನ್ನ ಫ್ಲಾಪಿಯೊಳಗ ಹನ್ನೊಂದಿದ್ದು’ ಅಂದ.